ಡೆಕಾರ್ಟ್‌ಗೆ ಭಾವನೆ ಅಂದ್ರೆ ಅಲರ್ಜಿ ಇತ್ತಾ?

ಓದುಗರ ಪ್ರಶ್ನೆ: 17ನೇ ಶತಮಾನದ ಫ್ರೆಂಚ್ ಚಿಂತಕ ಡೆಕಾರ್ಟ್ ಕಾಲದ ಫಿಲಾಸಫರ್‌ಗಳು ಬುದ್ಧಿಯನ್ನ ತಲೆ ಮೇಲೆ ಹೊತ್ಕೊಂಡು ಭಾವನೆಗಳನ್ನ ಮೂಲೆಗೆ ತಳ್ಳಿದ್ರು ಅಂತಾರಲ್ಲ, ನಿಜಾನಾ?

ಇಲ್ಲ. ಆದ್ರೆ ಹಾಗೆ ಅನ್ಸೋದು ಸಹಜ, ಯಾಕಂದ್ರೆ ಡೆಕಾರ್ಟ್ ಅಂದ ತಕ್ಷಣ ಎಲ್ಲರೂ ಬುದ್ಧಿಯಿಂದ ಖಚಿತ ಜ್ಞಾನ ಹುಡುಕೋ 1641ರ 'ಮೆಡಿಟೇಶನ್ಸ್' ಹಿಡ್ಕೊಂಡು ಕೂರ್ತಾರೆ, 1649ರಲ್ಲಿ, ಅಂದ್ರೆ ಸಾಯೋಕೆ ಕೆಲವೇ ತಿಂಗಳ ಮುಂಚೆ ಅವನು ಅಚ್ಚು ಹಾಕ್ಸಿದ 'ಪ್ಯಾಶನ್ಸ್ ಆಫ್ ದ ಸೋಲ್' ಪೂರ್ತಿ ಭಾವನೆಗಳ ಬಗ್ಗೇನೇ ಇದೆ ಅನ್ನೋದು ಪಕ್ಕಕ್ಕೆ ಉಳಿಯುತ್ತೆ. ಬ್ರಿಟಿಷ್ ವಿದ್ವಾಂಸೆ ಸೂಸನ್ ಜೇಮ್ಸ್ 1997ರ 'ಪ್ಯಾಶನ್ ಅಂಡ್ ಆ್ಯಕ್ಷನ್'ನಲ್ಲಿ ಹಿಡಿದಿದ್ದು ಇದನ್ನೇ: 17ನೇ ಶತಮಾನದವರಿಗೆ ಭಾವನೆ ಸೈಡ್ ವಿಷಯ ಆಗಿರಲೇ ಇಲ್ಲ, ಅದನ್ನ ಬಿಟ್ಟು ಓದಿದ್ದು ಆಮೇಲಿನವರು.

ಆಗ ಪ್ಯಾಶನ್ ಅಂದ್ರೆ ಈಗಿನ ಕ್ರೇಜ್ ಅಲ್ಲ, ನಮ್ಮ ಮೇಲೆ ಬಂದು ಎರಗೋದು. ಕನ್ನಡದವರಿಗೆ ಇದು ಅರ್ಥ ಆಗೋದು ಸುಲಭ, ನಾವು 'ಸಿಟ್ಟು ಬಂತು', 'ಭಯ ಆಯ್ತು' ಅಂತೀವಿ, ಸಿಟ್ಟನ್ನ 'ಮಾಡಿದೆ' ಅನ್ನಲ್ಲ. ಡೆಕಾರ್ಟ್ ಇಂಥವನ್ನ ಆರು ಮೂಲಕ್ಕೆ ಇಳಿಸ್ತಾನೆ: ಬೆರಗು, ಪ್ರೀತಿ, ದ್ವೇಷ, ಆಸೆ, ಸಂತೋಷ, ದುಃಖ. ಬೆರಗೇ ಮೊದಲು, ಒಂದು ವಸ್ತು ನಮಗೆ ಒಳ್ಳೇದಾ ಕೆಟ್ಟದ್ದಾ ಅಂತ ಗೊತ್ತಾಗೋಕೂ ಮುಂಚೆ ಅದು ಹುಟ್ಟುತ್ತೆ ಅಂತ. ಕೊನೆಗೆ ಅವನು ಹೇಳೋದು ಇವೆಲ್ಲ ಸ್ವಭಾವತಃ ಒಳ್ಳೇವೇ, ಅತಿಯಾಗೋದು, ದುರುಪಯೋಗ ಆಗೋದು ಮಾತ್ರ ತಪ್ಪಿಸ್ಬೇಕು ಅಂತ. ಅದೇ ಕಾಲದ ಇಂಗ್ಲಿಷ್ ಚಿಂತಕ ಹಾಬ್ಸ್ ಇನ್ನೂ ಒಂದ್ ಹೆಜ್ಜೆ ಮುಂದೆ: ಯೋಚನೆ ಮಾಡಿ ನಿರ್ಧರಿಸೋದು ಅಂದ್ರೇನೇ ಆಸೆ-ಬೇಸರಗಳ ಹಗ್ಗಜಗ್ಗಾಟ, ಅದ್ರಲ್ಲಿ ಕೊನೆಗೆ ಉಳಿದಿದ್ದೇ ಸಂಕಲ್ಪ.

ಹಾಗಂತ ಭಾವನೆಗಳ ಬಗ್ಗೆ ಅನುಮಾನ ಇರ್ಲಿಲ್ಲ ಅಂತಲ್ಲ, ಇತ್ತು. ಅವು ಒಳ್ಳೇದನ್ನೂ ಕೆಟ್ಟದ್ದನ್ನೂ ಇರೋದಕ್ಕಿಂತ ದೊಡ್ಡದಾಗಿ ತೋರಿಸ್ತವೆ ಅಂತ ಡೆಕಾರ್ಟೇ ಬರೀತಾನೆ. ಬೇಕೇ ಬೇಕು, ಪೂರ್ತಿ ನಂಬೋ ಹಾಗೂ ಇಲ್ಲ.

ನಂಗೆ ಇದ್ರಲ್ಲಿ ಇಷ್ಟ ಆಗೋದು 'ಪ್ಯಾಶನ್ಸ್' ಪುಸ್ತಕದ ಹಿಂದಿನ ಕಥೆ. ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ರಾಜಕುಮಾರಿ ಎಲಿಜಬೆತ್, ಅಪ್ಪ ಸಿಂಹಾಸನ ಕಳ್ಕೊಂಡು ಕುಟುಂಬ ಹಾಲೆಂಡಲ್ಲಿ ಆಶ್ರಯ ಪಡೆದಿತ್ತು. 1643ರಲ್ಲಿ, 24ರ ವಯಸ್ಸಲ್ಲಿ, ಡೆಕಾರ್ಟ್‌ಗೆ ಕಾಗದ ಬರೆದು ನೇರವಾಗಿ ಕೇಳ್ತಾಳೆ: ಆತ್ಮ ಬರೀ ಯೋಚಿಸೋ ವಸ್ತು ಆದ್ರೆ ಅದು ದೇಹವನ್ನ ಅಲ್ಲಾಡಿಸೋದು ಹೇಗೆ? ಅವನ ಉತ್ತರ ಅವಳಿಗೆ ಸಮಾಧಾನ ಕೊಡಲ್ಲ. 1645ರಲ್ಲಿ ಅವಳಿಗೆ ಬಿಡದ ಜ್ವರ, ಒಣಕೆಮ್ಮು, ಡೆಕಾರ್ಟ್ ಇದಕ್ಕೆ ದುಃಖವೇ ಕಾರಣ ಅಂತ ಹೇಳಿ, ಕಾಡಿನ ಹಸಿರು, ಹೂವಿನ ಬಣ್ಣ, ಹಕ್ಕಿ ಹಾರೋದು ನೋಡ್ತಾ ಏನೂ ಯೋಚನೆ ಮಾಡದೆ ಇರೋರ ಥರ ಇರಿ ಅಂತಾನೆ (ಮನೆತನ ಮುಳುಗ್ತಿರೋಳಿಗೆ!). ಆಮೇಲೆ ಭಾವನೆಗಳನ್ನ ಸರಿಯಾಗಿ ವಿವರಿಸಿ ಅಂತ ಕೇಳಿದ್ದು ಅವಳೇ, ಪುಸ್ತಕ ಹುಟ್ಟಿದ್ದು ಅಲ್ಲಿಂದ. ಬುದ್ಧಿ ಸರಿ ಇದ್ರೆ ನೆಮ್ಮದಿ ನಮ್ಮ ಕೈಲೇ ಇದೆ ಅಂತ ಅವನು ವಾದ ಮಾಡಿದಾಗ ಅವಳು ಒಪ್ಪಲಿಲ್ಲ: ಯೋಚಿಸೋ ಶಕ್ತಿಯನ್ನೇ ಕಿತ್ಕೊಳ್ಳೋ ಕಾಯಿಲೆಗಳೂ ಇದಾವಲ್ಲ, ಅವಕ್ಕೇನು ಮಾಡೋದು?