ನಿಕೋಡೆಮಸ್: ರೈಲು ತಪ್ಪಿಸಿಕೊಂಡ ಊರು

ಅಮೆರಿಕದ ಮಧ್ಯಪಶ್ಚಿಮದ ಕಾನ್ಸಾಸ್ ರಾಜ್ಯದಲ್ಲಿ, ಗ್ರಹಾಂ ಕೌಂಟಿಗೆ ಸೇರಿದ ನಿಕೋಡೆಮಸ್ ಎಂಬ ಹಳ್ಳಿಯನ್ನು 1877ರಲ್ಲಿ ಕಟ್ಟಿದವರು ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಕೆಂಟಕಿಯಿಂದ ಬಂದ ಕಪ್ಪು ಜನರು. ಇದರ ಸ್ಥಾಪನೆಯ ಕಥೆ ಎಲ್ಲೆಡೆ ಸಿಗುತ್ತದೆ. ಆದರೆ ಊರಿನ ಏಳುಬೀಳು ಅರ್ಥವಾಗಬೇಕಾದರೆ ಒಲೆ, ಅಂಚೆ, ಅಂಗಡಿ, ಧಾನ್ಯದ ಗಾಡಿಗಳ ಲೆಕ್ಕವನ್ನೇ ನೋಡಬೇಕು.

1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ, ಅಲ್ಪ ಶುಲ್ಕ ಕಟ್ಟಿ ಐದು ವರ್ಷ ಅಲ್ಲೇ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆಯವರೆಗೆ ಸರ್ಕಾರಿ ಜಮೀನು ಸಿಗುತ್ತಿತ್ತು. ಹೊಸ ಊರಿಗೆ ಬನ್ನಿ ಎಂದು ಕರೆದ ಕರಪತ್ರಗಳನ್ನು ನಂಬಿ ಹೊರಟವರು ಎಲ್ಲಿಸ್ ಎಂಬಲ್ಲಿ ರೈಲು ಇಳಿದು, ಇನ್ನೂ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹುಲ್ಲುಬಯಲನ್ನು ದಾಟಬೇಕಿತ್ತು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಅವರ ನೆನಪು ಪ್ರಸಿದ್ಧವಾದದ್ದು: ಜೊತೆಯವರು ‘ಅದೇ ನಿಕೋಡೆಮಸ್’ ಎಂದು ಕೈತೋರಿಸಿದಾಗ ಅವರಿಗೆ ಕಂಡದ್ದು ಮನೆಗಳಲ್ಲ, ನೆಲದೊಳಗಿಂದ ಏಳುತ್ತಿದ್ದ ಹೊಗೆ, ಅದನ್ನು ನೋಡಿ ಅವರು ಅತ್ತುಬಿಟ್ಟರು. ಮರವೇ ವಿರಳವಾದ ಆ ಬಯಲಿನಲ್ಲಿ ಜನ ದಿಬ್ಬದ ಮಗ್ಗುಲನ್ನು ತೋಡಿ, ಮೇಲೆ ಮಣ್ಣುಹೆಂಟೆ ಹೊದಿಸಿ ವಾಸವಾಗಿದ್ದರು. ಮೊದಲ ಚಳಿಗಾಲವನ್ನು ಕಳೆಯಲು ಓಸೇಜ್ ಬುಡಕಟ್ಟಿನ ಬೇಟೆಗಾರರು ಕೊಟ್ಟ ಆಹಾರ ನೆರವಾಯಿತೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಜಕಾರಿ ಫ್ಲೆಚರ್ ಊರಿನ ಅಂಚೆ ಕಚೇರಿಯ ಮೊದಲ ಮುಖ್ಯಸ್ಥ. ಅವರ ಪತ್ನಿ ಜೆನ್ನಿ ಊರಿನ ಮೊದಲ ಶಿಕ್ಷಕಿ. ಇದೇ ಕುಟುಂಬವು ಮುಂದೆ ಸೇಂಟ್ ಫ್ರಾನ್ಸಿಸ್ ಹೋಟೆಲನ್ನೂ ನಡೆಸಿತು. ಹೊಸ ಹಳ್ಳಿಗಳಲ್ಲಿ ಸಂಸ್ಥೆಯೆಂದರೆ ಬಹುಮಟ್ಟಿಗೆ ಒಂದು ಮನೆತನವೇ ಎಂಬುದನ್ನು ಇಲ್ಲಿ ಗಮನಿಸಬೇಕು.

1880ರ ದಶಕದಲ್ಲಿ ಸುಣ್ಣಕಲ್ಲಿನ ಕಟ್ಟಡಗಳು, ಚರ್ಚುಗಳು, ಎರಡು ಪತ್ರಿಕೆಗಳು ಬಂದವು. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯ ರೈಲನ್ನು ಊರಿಗೆ ತರಲು 16,000 ಡಾಲರ್ ಬಾಂಡ್‌ಗಳಿಗೆ ಮತದಾರರು ಒಪ್ಪಿಗೆ ಕೊಟ್ಟರು. ಆ ರೈಲು ಬರಲೇ ಇಲ್ಲ. 1888ರಲ್ಲಿ ಇನ್ನೊಂದು ಕಂಪನಿಯಾದ ಯೂನಿಯನ್ ಪೆಸಿಫಿಕ್‌ನ ಹಳಿಯು ನದಿಯ ಆಚೆ ದಡದಲ್ಲಿ ಹಾದುಹೋಯಿತು, ಅಲ್ಲಿ ಬೋಗ್ ಎಂಬ ಊರು ಹುಟ್ಟಿತು, ನಿಕೋಡೆಮಸ್‌ನ ವ್ಯಾಪಾರಿಗಳು ಅಂಗಡಿಗಳನ್ನು ಅಲ್ಲಿಗೆ ಸಾಗಿಸಿದರು. ಕೆಲವೇ ಮೈಲಿಗಳ ಅಂತರಕ್ಕೆ ಇಷ್ಟು ಪರಿಣಾಮವೇ ಎಂದು ಕೇಳಬಹುದು. ರೈತನು ಧಾನ್ಯವನ್ನು ಹಳಿಯ ಪಕ್ಕ ಮಾರಿ, ಅದೇ ದುಡ್ಡಿನಲ್ಲಿ ಅಲ್ಲಿಯೇ ಮೊಳೆ, ಉಪ್ಪು, ಬಟ್ಟೆ ಕೊಂಡು ಗಾಡಿ ತಿರುಗಿಸುತ್ತಾನೆ. ಹಾಗಾಗಿ ಗಾಡಿ ನಿಲ್ಲುವಲ್ಲೇ ಅಂಗಡಿಯೂ ನಿಲ್ಲುತ್ತದೆ. ಆದರೂ ಬೇಸಾಯಗಾರರು ಒಮ್ಮೆಲೇ ಊರು ಬಿಡಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅವರನ್ನು ಹೆಚ್ಚಾಗಿ ಚದುರಿಸಿದ್ದು 1930ರ ದಶಕದ ಬರ, ಧೂಳು ಮತ್ತು ಆರ್ಥಿಕ ಕುಸಿತ.

ಅಂಚೆ ಕಚೇರಿ 1953ರಲ್ಲಿ ಮುಚ್ಚಿತು, ಬಳಿಕ ಶಾಲೆಯೂ ಮುಚ್ಚಿತು. 1996ರಲ್ಲಿ ಊರು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. 2020ರ ಜನಗಣತಿಯಲ್ಲಿ ಅಲ್ಲಿದ್ದವರು 14 ಮಂದಿ. ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ರದ್ದಾದ ಆಗಸ್ಟ್ 1ರ ನೆನಪಿಗೆ ಆರಂಭವಾದ ವಿಮೋಚನಾ ಹಬ್ಬಕ್ಕೆ ಮಾತ್ರ, ಈಗಲೂ ಪ್ರತಿವರ್ಷ ಜುಲೈ ಕೊನೆಯಲ್ಲಿ, ದೂರದೂರುಗಳಲ್ಲಿ ನೆಲೆಸಿದ ವಂಶಸ್ಥರು ಅಲ್ಲಿ ಬಂದು ಸೇರುತ್ತಾರೆ.