ತೂಕ ಇಳಿಸುವ ಆಪರೇಷನ್, ಆಮೇಲಿನ ಮರೆವು

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ‘ಈಚೆಗೆ ಮರೆವು ಜಾಸ್ತಿ’ ಎಂದರೆ ಮೊದಲು ಕೇಳಬೇಕಾದ್ದು ಆಪರೇಷನ್ ತಾರೀಖು. ಆರನೇ ವಾರದ ಮರೆವಿಗೂ ಮೂರನೇ ವರ್ಷದ ಮರೆವಿಗೂ ಕಾರಣ ಬೇರೆ, ಔಷಧ ಬೇರೆ, ಅವಸರವೂ ಬೇರೆ. ಆಪರೇಷನ್ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಆಗಿರಬಹುದು. ತೊಂದರೆ ಶುರುವಾಗುವುದು ಜಗಳೂರಿನ, ಹೊಳಲ್ಕೆರೆಯ ಮನೆಯಲ್ಲಿ. ಆಗ ನೋಡುವವರು ಊರಿನ ಡಾಕ್ಟರು. ಹೊಟ್ಟೆಯ ಮೇಲೆ ಉಳಿದಿರುವುದು ನಾಲ್ಕೈದು ಸಣ್ಣ ಗಾಯದ ಗುರುತು ಅಷ್ಟೇ. ನಾಚಿಕೆಪಟ್ಟು ಹೇಳದಿದ್ದರೆ ಅವರಿಗೆ ಗೊತ್ತಾಗುವ ಬಗೆ ಇಲ್ಲ.

ಆಪರೇಷನ್‌ಗೆ ಮುಂಚಿನ ಮಾತು ಮೊದಲು. ಬೊಜ್ಜು ಹೆಚ್ಚಿರುವ ಹಲವರಲ್ಲಿ ಗಮನ, ಹೊಸದನ್ನು ನೆನಪಿಡುವುದು, ಕೆಲಸವನ್ನು ಯೋಜಿಸಿ ಮುಗಿಸುವುದು ಸ್ವಲ್ಪ ಹಿಂದೆ ಬಿದ್ದಿರುವುದು ಪರೀಕ್ಷೆಯಲ್ಲಿ ಕಾಣುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಮೈಯೊಳಗೆ ಹೊಗೆಯಾಡುವ ಉರಿಯೂತ, ನಿದ್ದೆಯಲ್ಲಿ ಉಸಿರು ಕಟ್ಟಿಸುವ ಗೊರಕೆ ಎಲ್ಲವೂ ಇದರಲ್ಲಿ ಪಾಲುದಾರರು. ರಾತ್ರಿಯಿಡೀ ಆಮ್ಲಜನಕ ಏರಿಳಿದವರಿಗೆ ಹಗಲು ಅಂಗಡಿ ಲೆಕ್ಕ ತಪ್ಪಿದರೆ ಆಶ್ಚರ್ಯವಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಮಷೀನ್ ಹಾಕಿಕೊಂಡು ಮಲಗುವವರು ತೂಕ ಇಳಿದ ಖುಷಿಗೆ ಅದನ್ನು ತಾವಾಗಿ ಅಟ್ಟಕ್ಕೆ ಏರಿಸಬಾರದು. ನಿದ್ದೆ ಪರೀಕ್ಷೆ ಇನ್ನೊಮ್ಮೆ ಆದ ಮೇಲೆ ನೋಡೋಣ.

ಹೀಗಾಗಿ ಮುಂಚೆಯೇ ಒಂದು ಅಳತೆ ತೆಗೆದಿಟ್ಟಿರಬೇಕು. ನೆನಪು, ಗಮನ ಅಳೆಯುವ ಮೋಕಾ ಪರೀಕ್ಷೆ ಕನ್ನಡದಲ್ಲೇ ಇದೆ. ಹತ್ತು ಹದಿನೈದು ನಿಮಿಷದ ಕೆಲಸ, 30 ಅಂಕ. ಐದು ಪದ ಹೇಳಿ ಐದು ನಿಮಿಷದ ಮೇಲೆ ಕೇಳುತ್ತಾರೆ, 100ರಿಂದ ಏಳೇಳು ಕಳೆಯಿಸುತ್ತಾರೆ, ಗಡಿಯಾರ ಬರೆಸಿ ಮುಳ್ಳನ್ನು 11 ಗಂಟೆ 10 ನಿಮಿಷಕ್ಕೆ ಇಡಿಸುತ್ತಾರೆ. 26ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು. ಓದು ಕಡಿಮೆಯಿದ್ದವರ ಅಂಕ ಹೇಗೂ ಇಳಿಯುತ್ತದೆ. ನಮಗೆ ಬೇಕಿರುವುದು ಅದೇ ವ್ಯಕ್ತಿಯ ಇವತ್ತಿನ ಅಂಕ ಮತ್ತು ಆರು ತಿಂಗಳ ನಂತರದ ಅಂಕ. ಎರಡನೇ ಸಲವೂ ಅದೇ ಐದು ಪದ ಕೇಳಿದರೆ ಬಾಯಿಪಾಠಕ್ಕೆ ಅಂಕ ಕೊಟ್ಟಂತಾಗುತ್ತದೆ, ಪದಗಳು ಬದಲಾಗಬೇಕು.

ಆಪರೇಷನ್ ಬುದ್ಧಿಯನ್ನು ಚುರುಕು ಮಾಡುತ್ತದೆಯೇ? ಒಂದಷ್ಟು ಜನರಲ್ಲಿ ಹೌದು. ನೆದರ್ಲೆಂಡ್ಸ್‌ನ ಬಾರಿಕೋ ಅಧ್ಯಯನ (2024) ಆಪರೇಷನ್ ಆದ 133 ಜನರನ್ನು ಎರಡು ವರ್ಷ ಗಮನಿಸಿತು. ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ನೆನಪು, ಗಮನದಂಥ ಪರೀಕ್ಷೆಗಳ ಒಟ್ಟು ಅಂಕ ಕನಿಷ್ಠ ಶೇ 20ರಷ್ಟು ಏರಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಷ್ಟು ಲಾಭ ಸಿಗಲಿಲ್ಲ. ನೆನಪಿನ ಶಕ್ತಿಗಾಗಿಯೇ ಆಪರೇಷನ್ ಮಾಡಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೈಮುಗಿದು ಎದ್ದು ಬನ್ನಿ.

ಈಗ ನಿಜವಾದ ಅಪಾಯ. ಮೊದಲ ಮೂರು ತಿಂಗಳಲ್ಲಿ ಹೆದರಬೇಕಾದ್ದು ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊರತೆಗೆ. ದಿನಕ್ಕೆ ಬೇಕಿರುವುದು ಒಂದೂಕಾಲು ಮಿ.ಗ್ರಾಂ.ನಷ್ಟೇ, ಆದರೆ ಮೈಯಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕೆ ಖಾಲಿ. ಸ್ಲೀವ್ ಆಪರೇಷನ್‌ನಲ್ಲಿ ಹೊಟ್ಟೆಚೀಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದಿರುತ್ತಾರೆ. ಅವಸರವಾಗಿ ನುಂಗಿದರೆ, ಅಗಿಯದಿದ್ದರೆ, ಉಳಿದ ಕೊಳವೆ ಎಲ್ಲಾದರೂ ಕಿರಿದಾದರೆ ವಾಂತಿ. ವಾಂತಿಯಾದವರಿಗೆ ಮನೆಯಲ್ಲಿ ಕೊಡುವುದು ತಿಳಿ ಗಂಜಿ; ಪಾಲಿಷ್ ಅಕ್ಕಿಯಲ್ಲಿ ಬಿ1 ಬಹುಪಾಲು ತೌಡಿನ ಜೊತೆ ಮಿಲ್ಲಿನಲ್ಲೇ ಉಳಿದಿರುತ್ತದೆ. ಹೀಗೆ ಎರಡು ವಾರ ಕಳೆದರೆ ಸಾಕು.

ಲಕ್ಷಣ ಶುರುವಾಗುವುದು ಗಲಾಟೆಯಿಲ್ಲದೆ. ನಡೆಯುವಾಗ ಜೋಲಿ ಹೊಡೆಯುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣಗುಡ್ಡೆ ಅದುರುವುದು, ಇವತ್ತು ಯಾವ ವಾರ ಎಂದರೆ ತಬ್ಬಿಬ್ಬಾಗುವುದು. ಎಲ್ಲವೂ ಒಟ್ಟಿಗೆ ಕಾಣಬೇಕೆಂದಿಲ್ಲ, ಒಂದಿದ್ದರೂ ಸಾಕು. ಇದಕ್ಕೆ ವೆರ್ನಿಕೆ ಕಾಯಿಲೆ ಎನ್ನುತ್ತಾರೆ. ಮನೆಯವರು ‘ನಿತ್ರಾಣ ಆಗೈತೆ, ಒಂದು ಬಾಟ್ಲಿ ಹಾಕಿಸಿದರೆ ಸರಿ ಹೋಗ್ತದೆ’ ಎಂದು ಕರೆತರುತ್ತಾರೆ. ಎಡವಟ್ಟಾಗುವುದೇ ಇಲ್ಲಿ. ಗ್ಲೂಕೋಸನ್ನು ಶಕ್ತಿಯಾಗಿಸಲು ಥಯಾಮಿನ್ ಬೇಕು. ಗ್ಲೂಕೋಸ್ ಇರುವ ಬಾಟ್ಲಿ, ಅಂದರೆ ಡಿಎನ್‌ಎಸ್ ಅಥವಾ ಡೆಕ್ಸ್‌ಟ್ರೋಸ್ ಹರಿಸಿದರೆ ಉಳಿದ ಚೂರುಪಾರು ಬಿ1 ಕೂಡ ಮುಗಿದು, ಮಂಕಾಗಿದ್ದವರು ಪ್ರಜ್ಞೆಯನ್ನೇ ಕಳೆದುಕೊಳ್ಳಬಹುದು.

ಕ್ರಮ ಹೀಗಿರಬೇಕು: ಮೊದಲು ಥಯಾಮಿನ್ ರಕ್ತನಾಳಕ್ಕೆ, 200ರಿಂದ 500 ಮಿ.ಗ್ರಾಂ., ದಿನಕ್ಕೆ ಮೂರು ಸಲ, ನೀರಿನಂಶಕ್ಕೆ ಗ್ಲೂಕೋಸ್ ಇಲ್ಲದ ಎನ್‌ಎಸ್ ಅಥವಾ ಆರ್‌ಎಲ್ ಬಾಟ್ಲಿ, ಗ್ಲೂಕೋಸ್ ಆಮೇಲೆ. ಮೆಗ್ನೀಷಿಯಂ ಕಡಿಮೆಯಿದ್ದರೆ ಅದನ್ನೂ ತುಂಬಬೇಕು, ಇಲ್ಲವಾದರೆ ಥಯಾಮಿನ್ ಕೆಲಸ ಮಾಡದು. ವಾಂತಿ ಮಾಡುತ್ತಿರುವವರಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಕಳಿಸಿದರೆ ಉಪಯೋಗವಿಲ್ಲ. ರಕ್ತದ ವರದಿಗೋ ಎಂಆರ್‌ಐಗೋ ಕಾಯುವುದೂ ಬೇಡ. ಎಂಆರ್‌ಐ ಸರಿಯಿದ್ದೂ ಕಾಯಿಲೆ ಇರಬಹುದು. ತಡವಾದರೆ ಕಣ್ಣು ಸುಧಾರಿಸೀತು, ಹೊಸ ನೆನಪು ಮಾತ್ರ ನಿಲ್ಲದೆ ಹೋಗುತ್ತದೆ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರದೆ, ಕೇಳಿದರೆ ಇಲ್ಲದ್ದನ್ನು ಕಟ್ಟಿ ಹೇಳುತ್ತಾರೆ. ಅದು ಜೀವನಪರ್ಯಂತ ಉಳಿಯುವ ಸಾಧ್ಯತೆಯೇ ಹೆಚ್ಚು.

ಒಂದು ವರ್ಷ ದಾಟಿದ ಮೇಲೆ, ಅದರಲ್ಲೂ ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಚೀಲ ಚಿಕ್ಕದು ಮಾಡಿ ಕರುಳಿಗೆ ಅಡ್ಡದಾರಿ ಜೋಡಿಸುವ ಆಪರೇಷನ್) ಆದವರಲ್ಲಿ, ಬೇರೊಂದು ಬಗೆ ಕಾಣುತ್ತದೆ. ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ಮಾತು ತಡವರಿಸುವುದು. ಅರ್ಧ ಗಂಟೆಯಲ್ಲಿ ಮತ್ತೆ ಸರಿ. ಬೆಣ್ಣೆ ದೋಸೆ, ಮಂಡಕ್ಕಿಯಂಥ ಬೇಗ ಕರಗುವ ತಿಂಡಿ ಕರುಳಿಗೆ ಒಮ್ಮೆಲೇ ಇಳಿದು, ಇನ್ಸುಲಿನ್ ವಿಪರೀತ ಸುರಿದು, ಸಕ್ಕರೆ ಕುಸಿಯುತ್ತದೆ. ಮಂಡಕ್ಕಿ ಹಗುರ ಎಂಬ ನಂಬಿಕೆ ಇಲ್ಲಿ ನಡೆಯದು. ಅದೇ ಹೊತ್ತಿನಲ್ಲಿ ಗ್ಲೂಕೋಮೀಟರಿನಲ್ಲಿ ನೋಡಬೇಕು. ಬೆಳಗಿನ ಖಾಲಿ ಹೊಟ್ಟೆಯ ರಕ್ತ ಸರಿಯೇ ಇರುತ್ತದೆ. ಲಕ್ಷಣ ಕಂಡ ಹೊತ್ತಿನ ಸಕ್ಕರೆ 54ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ, ಹಿಂದೆಯೇ ಒಂದಿಷ್ಟು ಮೊಸರೋ ಮೊಟ್ಟೆಯೋ. ಬರೀ ಸಕ್ಕರೆ ತಿಂದು ಸುಮ್ಮನಾದರೆ ಇನ್ನೊಂದು ಸುತ್ತು ಕುಸಿಯುತ್ತದೆ.

ವರ್ಷಗಳ ಮೇಲೆ ಬರುವುದು ವಿಟಮಿನ್ ಬಿ12 ಕೊರತೆ. ಪಿತ್ತಜನಕಾಂಗದಲ್ಲಿ ಹಲವು ವರ್ಷಕ್ಕಾಗುವಷ್ಟು ಕೂಡಿಟ್ಟಿರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಆದರೆ ಹುಟ್ಟಾ ಸಸ್ಯಾಹಾರಿಗಳ ಕೂಡಿಕೆ ಮೊದಲೇ ಚಿಕ್ಕದು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ನ ಪ್ಯಾಂಟೊಪ್ರಜೋಲ್ ನುಂಗುವವರದ್ದು ಇನ್ನೂ ಚಿಕ್ಕದು. ಮರೆವಿನ ಜೊತೆ ಅಂಗಾಲು ಜೋಮು ಹಿಡಿಯುವುದು, ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುವುದು ಕೇಳಿ ತಿಳಿಯಬೇಕಾದ ಗುರುತು. ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್, ಬದುಕಿರುವಷ್ಟು ದಿನ. ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು, ಒಳಗೆ ನರ ಸವೆಯುತ್ತಲೇ ಇರುತ್ತದೆ.

ಮುಟ್ಟು ಇನ್ನೂ ನಿಲ್ಲದ ಹೆಂಗಸರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ. ಕಬ್ಬಿಣವೂ ಬೇಕು. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಚಹಾದ ಜೊತೆ ಬೇಡ.

ಹಳೆಯ ಮಾತ್ರೆಗಳ ಚೀಟಿಯನ್ನೂ ತಿರುವಿ ನೋಡಬೇಕು. 20 ಕೆ.ಜಿ. ಇಳಿದ ಮೇಲೂ ಅದೇ ಬಿ.ಪಿ. ಮಾತ್ರೆ, ಸಕ್ಕರೆ ಇಳಿಸುವ ಅದೇ ಗ್ಲಿಮೆಪಿರೈಡ್ ನಡೆದಿದ್ದರೆ ತಲೆ ಮಂಕಾಗಲು ಬೇರೆ ಕಾರಣವೇ ಬೇಕಿಲ್ಲ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ನಿಧಾನವಾಗಿ ಕರಗುವ ಮಾತ್ರೆ ಬೈಪಾಸ್ ಆದವರಿಗೆ ಪೂರ್ತಿ ಸೇರದೆ ಹೋಗಬಹುದು. ಫಿಟ್ಸ್ ಮಾತ್ರೆಯವರು, ಥೈರಾಯ್ಡ್ ಮಾತ್ರೆಯವರು ರಕ್ತ ಪರೀಕ್ಷಿಸಿ ಪ್ರಮಾಣ ಹೊಂದಿಸಿಕೊಳ್ಳಬೇಕು. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಕೊಡುವಾಗ ಈ ಚೀಟಿಯೂ ಕೈಯಲ್ಲಿರಲಿ, ಅದರ ತಲೆಯ ಮೇಲೆ ಆಪರೇಷನ್ ಹೆಸರು, ತಾರೀಖು ಬರೆದಿರಲಿ.