ಓದುಗರ ಪ್ರಶ್ನೆ: ಸೈಕಲ್ ಮೇಲೆ ಟೈಮ್ ಗಳಿಸಿಟ್ಟುಕೊಂಡರೆ ಓಟದಲ್ಲಿ ನಿಧಾನವಾದರೂ ನಡೆಯುತ್ತಲ್ವಾ?

"ಮೊದಲ ಸಲ ಒಂದು ಸಣ್ಣ ಹಾಫ್ ಡಿಸ್ಟೆನ್ಸ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೇನೆ. ಸೈಕಲ್ ನನಗೆ ಚೆನ್ನಾಗಿ ಒಗ್ಗಿದೆ, ಓಟ ಅಷ್ಟಕ್ಕಷ್ಟೆ. ಓಟದ ಹೊತ್ತಿಗೆ ಹೇಗಿದ್ದರೂ ಸುಸ್ತಾಗಿರುತ್ತೆ. ಹಾಗಾಗಿ ಸೈಕಲ್ ಮೇಲೆ ಜೋರಾಗಿ ಹೋಗಿ ಹತ್ತು ನಿಮಿಷ ಮೊದಲೇ ಗಳಿಸಿಟ್ಟುಕೊಳ್ಳುವುದು ಒಳ್ಳೆಯದಲ್ವಾ?"

ಅಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ, ಉತ್ತರ ಮಾತ್ರ ಪ್ರತಿ ಸಲವೂ ಅದೇ. ಆದರೂ ಪ್ರತಿ ರೇಸ್‌ನಲ್ಲೂ ಓಟದ ಹನ್ನೆರಡನೇ ಕಿಲೋಮೀಟರ್ ಹತ್ತಿರ ಒಂದು ದೊಡ್ಡ ಗುಂಪು ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಓಡುವ ತಾಕತ್ತಿಲ್ಲ ಎಂದಲ್ಲ. ಆ ತಾಕತ್ತನ್ನು ಸೈಕಲ್ ಮೇಲೆ ಖರ್ಚು ಮಾಡಿ ಬಂದಿರುತ್ತಾರೆ, ಅಷ್ಟೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಹಾಫ್ ಡಿಸ್ಟೆನ್ಸ್ ಟ್ರಯಥ್ಲಾನ್ ಎಂದರೆ ಒಂದರ ಹಿಂದೆ ಒಂದು 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದುಕೊಳ್ಳಿ. ರಸ್ತೆ ಸಪಾಟು, ಗಾಳಿ ಇಲ್ಲ, ಸವಾರ ಸ್ವಲ್ಪ ಬಾಗಿ ಕೂತಿದ್ದಾನೆ. ಗಂಟೆಗೆ 30 ಕಿ.ಮೀ. ವೇಗಕ್ಕೆ ಅವನಿಗೆ ಸುಮಾರು 155 ವಾಟ್ ಬೇಕು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಎದುರಿನ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಗಾಳಿ ಕೇಳುವ ಪವರ್ ವೇಗದ ಜೊತೆ ಸಮಸಮವಾಗಿ ಏರುವುದಿಲ್ಲ, ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಪಾಲು ಎಂಟು ಪಟ್ಟು. ಅದೇ ಸವಾರ 30ರ ಬದಲು 32ರಲ್ಲಿ ಹೋಗಬೇಕೆಂದರೆ 180 ವಾಟ್‌ಗೂ ಮೇಲೆ ತುಳಿಯಬೇಕು. ವೇಗ ಹೆಚ್ಚಿದ್ದು ಶೇ. 7ರಷ್ಟೂ ಇಲ್ಲ, ಪವರ್ ಹೆಚ್ಚಿದ್ದು ಶೇ. 18.

ಇಷ್ಟೆಲ್ಲ ತುಳಿದು ಗಳಿಸಿದ್ದೆಷ್ಟು? 90 ಕಿ.ಮೀ.ಗೆ ಮೂರು ಗಂಟೆ ಹಿಡಿಯುತ್ತಿದ್ದದ್ದು ಎರಡು ಗಂಟೆ 49 ನಿಮಿಷಕ್ಕೆ ಇಳಿಯಿತು. ಹನ್ನೊಂದು ನಿಮಿಷ. ಈಗ ಆ ಹನ್ನೊಂದು ನಿಮಿಷವನ್ನು 21.1 ಕಿ.ಮೀ. ಓಟಕ್ಕೆ ಹಂಚಿ ನೋಡಿ: ಕಿಲೋಮೀಟರ್‌ಗೆ 32 ಸೆಕೆಂಡ್. ಕಿಲೋಮೀಟರ್‌ಗೆ ಆರು ನಿಮಿಷದಲ್ಲಿ ಓಡಬಲ್ಲವರು ಆರೂವರೆ ನಿಮಿಷಕ್ಕೆ ಜಾರಿದರೆ ಸಾಕು, ಗಳಿಕೆ ಪೂರ್ತಿ ಕರಗಿತು. ನಡೆಯಲು ಶುರು ಮಾಡಿದರೆ ಕಥೆಯೇ ಬೇರೆ. ಸುಸ್ತಾದ ನಡಿಗೆಗೆ ಕಿಲೋಮೀಟರ್‌ಗೆ ಹನ್ನೊಂದು ನಿಮಿಷ ಹಿಡಿಯುತ್ತದೆ. ಮೂರೇ ಮೂರು ಕಿಲೋಮೀಟರ್ ನಡೆದರೂ ಹದಿನೈದು ನಿಮಿಷ ಹೋಯಿತು.

"ಜೋರಾಗಿ ಸೈಕಲ್ ತುಳಿದರೂ ಓಟ ಅಷ್ಟೊಂದು ಹಾಳಾಗಲ್ಲ, ಹೇಗೂ ಸುಸ್ತಾಗೇ ಆಗುತ್ತೆ" ಎಂಬುದು ಈ ವಾದದ ಬೇರು. ಸುಸ್ತು ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುತ್ತದೆ, ಅದನ್ನು ತಪ್ಪಿಸಲಾಗದು ಎಂಬ ನಂಬಿಕೆ ಇದು. ಶುದ್ಧ ತಪ್ಪು. ಮೇಲಿನ ಸವಾರನ ಎಫ್‌ಟಿಪಿ, ಅಂದರೆ ಒಂದು ಗಂಟೆ ಪೂರ್ತಿ ಹಿಡಿದಿಡಬಲ್ಲ ಪವರ್, 205 ವಾಟ್ ಎಂದುಕೊಳ್ಳಿ. 155 ವಾಟ್ ಎಂದರೆ ಅವನ ಮಿತಿಯ ಶೇ. 76. ಮೂರು ಗಂಟೆ ತುಳಿದು ಇಳಿದ ಮೇಲೂ ಕಾಲಲ್ಲಿ ಓಟ ಉಳಿದಿರುತ್ತದೆ. 182 ವಾಟ್ ಎಂದರೆ ಶೇ. 89. ಅಷ್ಟು ಹೊತ್ತು ಆ ಮಟ್ಟದಲ್ಲಿ ತುಳಿಯುವುದು ಸೈಕಲ್ ರೇಸ್ ಆಗುತ್ತದೆಯೇ ಹೊರತು ಟ್ರಯಥ್ಲಾನ್ ಅಲ್ಲ. ವ್ಯತ್ಯಾಸ ಬರೀ 27 ವಾಟ್, ಆದರೆ ದೇಹದೊಳಗೆ ನಡೆಯುವುದು ಎರಡು ಬೇರೆಯೇ ಸಂಗತಿ.

ಮೊದಲನೆಯದು ಇಂಧನ. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಒಟ್ಟು 400ರಿಂದ 500 ಗ್ರಾಂ, ಅಂದರೆ ಸುಮಾರು 1600ರಿಂದ 2000 ಕ್ಯಾಲೊರಿ. ನಿಧಾನವಾಗಿ ತುಳಿದಾಗ ಕೊಬ್ಬಿನಿಂದಲೂ ಒಳ್ಳೆಯ ಪಾಲು ಬರುತ್ತದೆ. ಮಿತಿಯ ಹತ್ತಿರ ಹೋದಷ್ಟೂ ಕೊಬ್ಬಿನ ಪಾಲು ಇಳಿದು, ಗ್ಲೈಕೋಜನ್ ಬೇಗ ಬೇಗ ಖಾಲಿಯಾಗುತ್ತದೆ. ತಿಂದು ತುಂಬಿಸಿಕೊಳ್ಳೋಣ ಎಂದರೆ ಅದಕ್ಕೂ ಮಿತಿಯಿದೆ. ಗ್ಲೂಕೋಸ್ ಮಾತ್ರವಾದರೆ ಗಂಟೆಗೆ 60 ಗ್ರಾಂ ಆಸುಪಾಸು, ಫ್ರಕ್ಟೋಸ್ ಸೇರಿದ ಮಿಶ್ರಣ ಅಭ್ಯಾಸವಿದ್ದರೆ 90 ಗ್ರಾಂವರೆಗೆ ದೇಹಕ್ಕೆ ಹತ್ತಬಹುದು. ಎರಡನೆಯದು ಹೊಟ್ಟೆ. ಜೋರಾಗಿ ತುಳಿಯುವಾಗ ರಕ್ತ ಕಾಲುಗಳ ಕಡೆಗೆ ಮತ್ತು ಮೈ ತಣಿಸಲು ಚರ್ಮದ ಕಡೆಗೆ ಹರಿಯುತ್ತದೆ, ಕರುಳಿಗೆ ಕಡಿಮೆಯಾಗುತ್ತದೆ. ನುಂಗಿದ ಎನರ್ಜಿ ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಕರಗದೆ ಹೊಟ್ಟೆಯಲ್ಲೇ ಕೂತಿರುತ್ತದೆ. ಓಟದ ಮೂರನೇ ಕಿಲೋಮೀಟರ್‌ನಲ್ಲಿ ಹೊಟ್ಟೆ ಕುಲುಕಿ ವಾಕರಿಕೆ ಬಂದರೆ ಎಲ್ಲರೂ ಜೆಲ್‌ನ ಬ್ರ್ಯಾಂಡನ್ನು ದೂರುತ್ತಾರೆ. ಬಹಳಷ್ಟು ಸಲ ತಪ್ಪು ಬ್ರ್ಯಾಂಡಿನದಲ್ಲ, ಅದನ್ನು ನುಂಗಿದಾಗ ತುಳಿಯುತ್ತಿದ್ದ ವಾಟ್‌ನದು.

"ಗೆಲ್ಲುವವರು ಹಾಗೇ ತುಳಿಯುತ್ತಾರಲ್ಲ?" ಎಂದು ಕೇಳುವವರಿದ್ದಾರೆ. ಮುಂದಿರುವವರು ಶೇ. 80–85ರಲ್ಲಿ ಹೋಗುತ್ತಾರೆ ನಿಜ. ಆದರೆ ಅವರ ಸೈಕಲ್ ಭಾಗ ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿದಿರುತ್ತದೆ. ಮೂರೂಕಾಲು ಗಂಟೆ ಸೀಟಿನ ಮೇಲಿರುವವರು ಅವರ ಶೇಕಡಾವಾರನ್ನು ನಕಲು ಮಾಡಿದರೆ, ಅವರಿಗಿಂತ ಒಂದು ಗಂಟೆ ಹೆಚ್ಚು ಅದೇ ಒತ್ತಡದಲ್ಲಿ ದುಡಿದಂತೆ. ಹೊತ್ತು ಹೆಚ್ಚಾದಷ್ಟೂ ಶೇಕಡಾ ಇಳಿಯಬೇಕು. ಮೊದಲ ಸಲದವರಿಗೆ ಶೇ. 70–76 ಸಾಕು, ಎರಡು ಮೂರು ರೇಸ್ ಮುಗಿಸಿದವರಿಗೆ 78ರವರೆಗೆ.

ಇನ್ನು ನಿಮ್ಮ "ಸೈಕಲ್ ಒಗ್ಗಿದೆ, ಓಟ ಅಷ್ಟಕ್ಕಷ್ಟೆ" ಎಂಬ ಮಾತು. ಸೈಕಲ್ ಒಗ್ಗಿದ್ದರ ಫಲ ನಿಮಗೆ ಆಗಲೇ ಸಿಕ್ಕಿದೆ. ನಿಮ್ಮ ಎಫ್‌ಟಿಪಿ ಹೆಚ್ಚಿದೆ, ಆದ್ದರಿಂದ ಅದೇ ಶೇ. 75ರಲ್ಲೂ ನೀವು ಪಕ್ಕದವರಿಗಿಂತ ವೇಗವಾಗಿ ಹೋಗುತ್ತೀರಿ. ಅದರ ಮೇಲೆ ಶೇಕಡಾವನ್ನೂ ಏರಿಸಲು ಹೋಗಬೇಡಿ. ಓಟ ದುರ್ಬಲವಾಗಿರುವವರೇ ದಣಿಯದ ಕಾಲಿನೊಂದಿಗೆ ಓಟಕ್ಕೆ ಇಳಿಯಬೇಕಾದವರು. ಪೆಡಲ್ ತುಳಿತದಲ್ಲಿ ಸ್ನಾಯು ಬಹುಪಾಲು ಕುಗ್ಗುತ್ತಾ ಕೆಲಸ ಮಾಡುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆಯುತ್ತಾ ಹಿಗ್ಗಬೇಕಾಗುತ್ತದೆ, ಆ ಹೊಡೆತಕ್ಕೆ ತೊಡೆಯ ಮುಂಭಾಗ ಸಜ್ಜಾಗಿರಬೇಕು. ಸೈಕಲ್ ಬಲ ಆ ಹೊಡೆತವನ್ನು ತಾಳಿಕೊಳ್ಳಲು ನೆರವಾಗುವುದು ಬಹಳ ಕಡಿಮೆ.

ತುಳಿತದ ವಾಟ್ ಅಳೆಯುವ ಪವರ್ ಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಒಂದು ಗಂಟೆ ಪೂರ್ತಿ ಹಿಡಿದಿಡಬಲ್ಲ ಎದೆಬಡಿತ ಎಷ್ಟೆಂದು ಗೊತ್ತಿದ್ದರೆ ಅದಕ್ಕಿಂತ 15–20 ಬಡಿತ ಕೆಳಗಿರಿ. ಈಜಿನಿಂದ ಎದ್ದು ಬಂದ ಮೊದಲ ಹತ್ತು ಹದಿನೈದು ನಿಮಿಷ ವಾಚ್ ತೋರಿಸುವ ಅಂಕಿ ಹೇಗೂ ಮೇಲೇ ಇರುತ್ತದೆ, ಅದು ಇಳಿಯಲಿ ಎಂದು ಹಗುರ ಗೇರ್‌ನಲ್ಲಿ ಕಾಯಿರಿ. ಅದೂ ಬೇಡವೆಂದರೆ ಮಾತಿನ ಪರೀಕ್ಷೆ: ಏಳೆಂಟು ಪದಗಳ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗಬೇಕು. ಎರಡು ಪದಕ್ಕೆ ಉಸಿರು ಕಟ್ಟಿದರೆ ನೀವು ಓಟದಿಂದ ಸಾಲ ಮಾಡುತ್ತಿದ್ದೀರಿ.

ಏರಿನಲ್ಲಿ ಒಂದಿಷ್ಟು ಹೆಚ್ಚು ತುಳಿಯಬಹುದು, ಅದಕ್ಕೆ ಕಾರಣವೂ ಗಾಳಿಯೇ. ಏರಿನಲ್ಲಿ ವೇಗ ಕಡಿಮೆ, ಗಾಳಿಯ ಪಾಲೂ ಕಡಿಮೆ, ಆದ್ದರಿಂದ ಹಾಕಿದ ವಾಟ್ ಹೆಚ್ಚು ಸಮಯ ಉಳಿಸಿಕೊಡುತ್ತದೆ. ಆದರೆ ಸಪಾಟಿಗಿಂತ ಶೇ. 5–10 ಅಷ್ಟೇ ಹೆಚ್ಚು. ಸೀಟಿನಿಂದ ಎದ್ದು ನಿಂತು, ಪಕ್ಕದಲ್ಲಿ ದಾಟಿದವರ ಹಿಂದೆ ಎಫ್‌ಟಿಪಿ ಮೀರಿ ತುಳಿಯುವ ಒಂದೊಂದು ನಿಮಿಷಕ್ಕೂ ಕಾಲು ದುಬಾರಿ ಬೆಲೆ ತೆರುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಮೈ ಮಡಚಿ ಕೂರಿ. ಗಂಟೆಗೆ 45 ಕಿ.ಮೀ. ದಾಟಿದ ಮೇಲೆ ತುಳಿದದ್ದೆಲ್ಲ ಹೆಚ್ಚೂಕಡಿಮೆ ವ್ಯರ್ಥ.

ಸಣ್ಣ ರೇಸ್‌ಗಳಲ್ಲಿ ಸೈಕಲ್ ದಾರಿಯಲ್ಲಿ ನೀರಿನ ಮೇಜು ಒಂದೋ ಎರಡೋ ಇರುತ್ತದೆ, ಕೆಲವೆಡೆ ಅದೂ ಇರುವುದಿಲ್ಲ. ಗಂಟೆಗೆ 60 ಗ್ರಾಂ ಎಂದರೆ ಮೂರು ಗಂಟೆಗೆ 180 ಗ್ರಾಂ ಕಾರ್ಬೊಹೈಡ್ರೇಟ್. 25 ಗ್ರಾಂನ ಜೆಲ್ ಆದರೆ ಏಳು. ಮೊದಲ ಕಾಲು ಗಂಟೆ ನೀರು ಮಾತ್ರ, ಆಮೇಲೆ 25 ನಿಮಿಷಕ್ಕೊಮ್ಮೆ ವಾಚ್‌ನಲ್ಲಿ ಅಲಾರಾಂ ಇಟ್ಟು ತಿನ್ನಿ. ಹಸಿವಾದಾಗ ತಿನ್ನೋಣ ಎಂದು ಕೂತವರಿಗೆ ಹಸಿವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. 750 ಮಿ.ಲೀ.ಯ ಎರಡು ಬಾಟಲಿ ಎಂದರೆ ಒಂದೂವರೆ ಲೀಟರ್, ಬಿಸಿಲಿನ ಮೂರು ಗಂಟೆಗೆ ಅದು ಸಾಲದು. ಮೂರನೆಯ ಬಾಟಲಿ ಸೀಟಿನ ಹಿಂದೆ ಇರಲಿ. ಹಿಂದಿನ ಬಾಟಲಿ ರಸ್ತೆಯ ಮೊದಲ ಗುಂಡಿಗೇ ಹಾರಿಬೀಳುವುದು ಮಾಮೂಲು. ಬಾಟಲಿ ಸ್ಟ್ಯಾಂಡಿಗೆ ಒಂದು ದಪ್ಪ ರಬ್ಬರ್ ಬ್ಯಾಂಡ್ ಹಾಕಿ, ತುಂಬಿದ ಬಾಟಲಿಯಿಟ್ಟು ಕೆಟ್ಟ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ.

ಇದನ್ನೆಲ್ಲ ನಂಬಬೇಡಿ, ಪರೀಕ್ಷಿಸಿ. ರೇಸ್‌ಗೆ ಮೂರು ನಾಲ್ಕು ವಾರ ಮೊದಲು, ರೇಸ್‌ಗೆ ಎಂದುಕೊಂಡ ಒತ್ತಡದಲ್ಲೇ 70 ಕಿ.ಮೀ. ಸೈಕಲ್ ತುಳಿಯಿರಿ, ಇಳಿದ ಐದು ನಿಮಿಷದೊಳಗೆ ರೇಸ್ ವೇಗದಲ್ಲಿ 8 ಕಿ.ಮೀ. ಓಡಿ. ಮೊದಲ ಎರಡು ಕಿ.ಮೀ. ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸೈಕಲ್ ವೇಗಕ್ಕೆ ಹೊಂದಿಕೊಂಡ ಕಣ್ಣಿಗೆ ಓಟ ನಿಧಾನ ಅನ್ನಿಸಿ, ಗೊತ್ತಿಲ್ಲದೆ ಜೋರಾಗಿ ಓಡುತ್ತಿರುತ್ತೀರಿ, ಆಗ ವಾಚ್ ನೋಡಿ ಬೇಕೆಂದೇ ಕಿಲೋಮೀಟರ್‌ಗೆ ಹತ್ತು ಹದಿನೈದು ಸೆಕೆಂಡ್ ನಿಧಾನಿಸಿ. ನೋಡಬೇಕಾದ್ದು ಕೊನೆಯ ಮೂರು ಕಿ.ಮೀ. ಅಲ್ಲಿ ವೇಗ ಕುಸಿದರೆ ಸೈಕಲ್ ಒತ್ತಡ ಹೆಚ್ಚಾಯಿತು. ಹತ್ತು ವಾಟ್ ಇಳಿಸಿ, ಮುಂದಿನ ವಾರ ಮತ್ತೆ ಮಾಡಿ.

ಹಾಗಾದರೆ ಸಮಯ ಉಳಿಸುವುದು ಎಲ್ಲಿ? ಕಾಲಿನ ಶಕ್ತಿ ಖರ್ಚಾಗದ ಕಡೆ. ಅದೇ 155 ವಾಟ್‌ನಲ್ಲಿ ಮೊಣಕೈ ಒಳಗೆಳೆದು, ತಲೆ ತಗ್ಗಿಸಿ, ಪಟಪಟ ಹಾರದ ಬಿಗಿಯಾದ ಬಟ್ಟೆ ಹಾಕಿದರೆ 90 ಕಿ.ಮೀ.ಯಲ್ಲಿ ಮೂರರಿಂದ ಐದು ನಿಮಿಷ ಸಿಗುತ್ತದೆ. ಅದಕ್ಕೆ ಒಂದು ಹನಿ ಗ್ಲೈಕೋಜನ್ ಕೂಡ ಬೇಡ. ಟ್ರಾನ್ಸಿಷನ್‌ನಲ್ಲಿ, ಅಂದರೆ ಈಜು ಮುಗಿಸಿ ಸೈಕಲ್ ಹತ್ತುವ ಜಾಗದಲ್ಲಿ, ಮೊದಲು ಹೆಲ್ಮೆಟ್ ಬಕಲ್ ಹಾಕಿ, ಆಮೇಲೆ ಸೈಕಲ್ ಮುಟ್ಟಿ. ಉಲ್ಟಾ ಮಾಡಿದರೆ ಪೆನಾಲ್ಟಿ ಬೀಳಬಹುದು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಈಜಿನಲ್ಲಿ ನೀವು ನಿಜವಾಗಿ ಈಜುವುದು 1.9 ಕಿ.ಮೀ.ಯೇ? ತೆರೆದ ನೀರಿನಲ್ಲಿ ಅಂಕುಡೊಂಕಾಗಿ ಹೋಗಿ ಶೇ. 10ರಷ್ಟು ಹೆಚ್ಚು ಈಜುವುದು ಹೊಸಬರಲ್ಲಿ ಸಾಮಾನ್ಯ. ಅಂದರೆ 190 ಮೀಟರ್. ನೂರು ಮೀಟರ್‌ಗೆ 2 ನಿಮಿಷ 20 ಸೆಕೆಂಡ್ ಹಿಡಿಯುವವರಿಗೆ ಸುಮಾರು ನಾಲ್ಕೂವರೆ ನಿಮಿಷ ನಷ್ಟ, ಜೊತೆಗೆ ದಣಿವು. ನೀವು ಯಾವ ಕಡೆ ವಾಲುತ್ತೀರಿ ಎಂದು ತಿಳಿಯಲು ಖಾಲಿ ಲೇನ್‌ನಲ್ಲಿ ಕಣ್ಣು ಮುಚ್ಚಿ ಹತ್ತು ಸ್ಟ್ರೋಕ್ (ಕೈ ಬೀಸು) ಈಜಿ, ಕೈಯಿಗೆ ಯಾವ ಪಕ್ಕದ ಹಗ್ಗ ತಾಕಿತು ನೋಡಿ. ಒಂದೇ ಪಕ್ಕಕ್ಕೆ ಉಸಿರಾಡುವವರಲ್ಲಿ ಒಂದು ಕೈ ದೇಹದ ಮಧ್ಯಗೆರೆ ದಾಟಿ ಆಚೆ ಬೀಳುವುದೇ ಹೆಚ್ಚಾಗಿ ಕಾರಣ.

ರೇಸ್‌ನಲ್ಲಿ ಆರರಿಂದ ಹತ್ತು ಸ್ಟ್ರೋಕ್‌ಗೊಮ್ಮೆ ಮುಂದೆ ನೋಡಿ. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗಿ ಬ್ರೇಕ್ ಹಾಕಿದಂತಾಗುತ್ತದೆ. ಮೊಸಳೆಯಂತೆ ಕಣ್ಣಷ್ಟೇ ನೀರಿನ ಮೇಲೆ ಬರಲಿ, ಉಸಿರು ಆಮೇಲೆ ಪಕ್ಕಕ್ಕೆ ತಿರುಗಿ ತೆಗೆದುಕೊಳ್ಳಿ. ಸಣ್ಣ ರೇಸ್‌ಗಳಲ್ಲಿ ಬೋಯ್‌ಗಳು, ಅಂದರೆ ದಾರಿ ತೋರಿಸುವ ತೇಲುಗುರುತುಗಳು, ದೂರ ದೂರ ಇರುತ್ತವೆ, ಅಲೆಯಲ್ಲಿ ಮರೆಯಾಗುತ್ತವೆ. ಶುರುವಾಗುವ ಮೊದಲೇ ದಡದಲ್ಲಿ ನಿಂತು, ಪ್ರತಿ ಬೋಯ್‌ನ ನೇರಕ್ಕೆ ಹಿಂದೆ ಕಾಣುವ ಎತ್ತರದ ಮರವನ್ನೋ ಟವರನ್ನೋ ಗುರುತಿಟ್ಟುಕೊಳ್ಳಿ. ಬೆಳಗಿನ ಸೂರ್ಯ ಎದುರಿಗಿದ್ದರೆ ಬೋಯ್ ಕಾಣುವುದೇ ಇಲ್ಲ, ಆಗ ಆ ಮರವೇ ಗತಿ. ಕಪ್ಪು ಗಾಜಿನ ಗಾಗಲ್ ಒಂದು ಚೀಲದಲ್ಲಿರಲಿ. ಇನ್ನೊಬ್ಬರ ಕಾಲ ಹಿಂದೆ ಈಜುವುದಕ್ಕೆ ನಿಯಮದ ಅಡ್ಡಿಯಿಲ್ಲ, ಸೈಕಲ್‌ನಲ್ಲಿ ಮಾತ್ರ ಮುಂದಿನವರ ಹಿಂದೆ ಅಂತರ ಬಿಡಬೇಕು, ಸಾಮಾನ್ಯವಾಗಿ 12 ಮೀಟರ್. ಆದರೆ ಈಜಿನಲ್ಲಿ ನೀವು ಹಿಂಬಾಲಿಸುವ ಕಾಲು ಸರಿದಾರಿಯಲ್ಲಿದೆಯೇ ಎಂದು ನೀವೇ ನೋಡುತ್ತಿರಬೇಕು. ಪ್ರತಿ ಬೋಯ್ ಯಾವ ಭುಜದ ಕಡೆ ಉಳಿಯಬೇಕು, ಎಷ್ಟು ಸುತ್ತು ಎಂಬುದನ್ನು ರೇಸ್‌ಗೆ ಮುಂಚಿನ ಬ್ರೀಫಿಂಗ್‌ನಲ್ಲೇ ಕೇಳಿ ತಿಳಿದುಕೊಳ್ಳಿ. ಒಂದು ಬೋಯ್ ತಪ್ಪು ಕಡೆಯಿಂದ ದಾಟಿದ್ದು ಗೊತ್ತಾದರೆ ಅಲ್ಲೇ ಹಿಂತಿರುಗಿ ಸರಿಯಾಗಿ ಸುತ್ತಿ ಬನ್ನಿ.